ಸಲಮಾಂಡರ್ ಜೀವಕೋಶದೊಳಗೆ ಹಸಿರು ಪಾಚಿ: ಈ ಸಹವಾಸದಲ್ಲಿ ಲಾಭ ಯಾರಿಗೆ?

ಪಿಂಪ್ರಿ-ಚಿಂಚವಾಡದ ಪವನಾ ನದಿಯ ಆಸುಪಾಸಿನಲ್ಲಿ ನಿಂತ ನೀರು ಹಸಿರಾಗಿರುವುದನ್ನು ನೋಡಿದ್ದೀರಾ? ಇಂಥ ಬಣ್ಣಕ್ಕೆ ಸಾಮಾನ್ಯವಾಗಿ ಕಾರಣ ಬರಿಗಣ್ಣಿಗೆ ಕಾಣದ ಏಕಕೋಶ ಪಾಚಿಗಳು. ಇವುಗಳಲ್ಲಿ ಕೆಲವಕ್ಕೆ ಚಾಟಿಯಂಥ ಎರಡು ಕಶಾಂಗಗಳಿರುತ್ತವೆ. ಅವನ್ನು ಬಡಿಯುತ್ತಾ ಈಜುತ್ತವೆ. ಇದೇ ಬಳಗದ ಊಫಿಲಾ ಎಂಬ ಪಾಚಿ ಉತ್ತರ ಅಮೆರಿಕದಲ್ಲಿ ಸಲಮಾಂಡರ್ ಮೊಟ್ಟೆಯೊಳಗೆ ಸಂಸಾರ ಹೂಡಿದೆ. ಊಫಿಲಾ ಅಂದರೆ ಮೊಟ್ಟೆಪ್ರಿಯ!

ಸಲಮಾಂಡರ್ ಕಪ್ಪೆಯಂತೆಯೇ ಉಭಯವಾಸಿ, ನೋಡಲು ಮಾತ್ರ ಹಲ್ಲಿಯಂತೆ. ಪಶ್ಚಿಮಘಟ್ಟದಲ್ಲಿ ಇದು ಇಲ್ಲ. ಭಾರತದಲ್ಲಿ ಕಾಣಬೇಕಾದರೆ ಡಾರ್ಜಿಲಿಂಗ್ ಕಡೆಯ ಪೂರ್ವ ಹಿಮಾಲಯಕ್ಕೇ ಹೋಗಬೇಕು. ನಮ್ಮ ಕಥೆಯದ್ದು ಕಪ್ಪು ಮೈಮೇಲೆ ಹಳದಿ ಚುಕ್ಕೆಗಳಿರುವ ಅಮೆರಿಕದ ಪ್ರಭೇದ.

ಇದರ ಮೊಟ್ಟೆಗಳು ಹಸಿರಾಗುವುದು 1888ರಷ್ಟು ಹಿಂದೆಯೇ ದಾಖಲಾಗಿತ್ತು. ಭ್ರೂಣ ಹೊರಹಾಕುವ ಅಮೋನಿಯಾ ಪಾಚಿಗೆ ಗೊಬ್ಬರ, ಪಾಚಿ ಬಿಡುವ ಆಮ್ಲಜನಕ ಭ್ರೂಣಕ್ಕೆ ಉಸಿರು. ಕೊಡು-ಕೊಳ್ಳುವ ಲೆಕ್ಕ ಸರಿಯಾಗಿಯೇ ಇತ್ತು.

ಅಚ್ಚರಿ ಬಂದದ್ದು 2011ರಲ್ಲಿ. ರಯಾನ್ ಕರ್ನಿ ಮತ್ತು ಸಂಗಡಿಗರು ಪಾಚಿ ಭ್ರೂಣದ ಜೀವಕೋಶಗಳ ಒಳಕ್ಕೂ ನುಗ್ಗಿರುವುದನ್ನು ತೋರಿಸಿದರು. ಬೆನ್ನೆಲುಬಿರುವ ಪ್ರಾಣಿಗಳ ರೋಗನಿರೋಧಕ ವ್ಯವಸ್ಥೆ ಪರಕೀಯ ಕೋಶವನ್ನು ಹಾಗೆ ಸುಮ್ಮನೆ ಬಿಡುವುದಿಲ್ಲ. ಹಾಗಾದರೆ ಇಲ್ಲಿ ಆಗುತ್ತಿರುವುದೇನು?

2017ರಲ್ಲಿ ಜಾನ್ ಬರ್ನ್ಸ್ ಮತ್ತು ಕರ್ನಿ ಇದ್ದ ತಂಡ ಎರಡೂ ಜೀವಿಗಳಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ, ಯಾವುದು ತಣ್ಣಗಿದೆ ಎಂದು ಹೋಲಿಸಿ ನೋಡಿತು. ಸಲಮಾಂಡರ್ ಕೋಶ ಹೆಚ್ಚೇನೂ ಕಂಗೆಟ್ಟಿರಲಿಲ್ಲ. ಉರಿಯೂತ ಎಬ್ಬಿಸುವ ಕೆಲವು ಜೀನ್‌ಗಳ ಸದ್ದು ಅಡಗಿತ್ತು, ಅಷ್ಟೆ. ಅಂದರೆ ಕಾವಲುಗಾರ ಕಣ್ಣುಮುಚ್ಚಿ ಕೂತಂತೆ.

ಪಾಚಿಯ ಸ್ಥಿತಿ ಮಾತ್ರ ಬೇರೆ. ಅದರಲ್ಲಿ ಒತ್ತಡದ ಲಕ್ಷಣಗಳು ಎದ್ದು ಕಂಡವು. ಆಮ್ಲಜನಕ ಮತ್ತು ಗಂಧಕದ ಕೊರತೆಯ ಗುರುತುಗಳಿದ್ದವು. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುವುದನ್ನು ತಗ್ಗಿಸಿ ಅದು ಹುದುಗುವಿಕೆಯತ್ತ ಹೊರಳಿತ್ತು. ಇಡ್ಲಿ ಹಿಟ್ಟು ಉಬ್ಬುತ್ತದಲ್ಲ, ಆ ಜಾತಿಯ ಕ್ರಿಯೆ. ಹವಳದೊಳಗಿನ ಪಾಚಿ ಹೀಗಲ್ಲ, ಅದು ಒಳಗಿದ್ದೇ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಹಂಚುತ್ತದೆ.

ಹಾಗಾಗಿ ಮೊಟ್ಟೆಯ ಲೋಳೆಯಲ್ಲಿ ಇಬ್ಬರಿಗೂ ಲಾಭವಿದ್ದ ಒಪ್ಪಂದ ಕೋಶದೊಳಗೂ ಹಾಗೆಯೇ ಇದೆ ಎನ್ನಲಾಗದು. ಅಲ್ಲಿ ಪಾಚಿ ಅತಿಥಿಗಿಂತ ಸಿಕ್ಕಿಬಿದ್ದವನಂತೆ ಕಾಣುತ್ತದೆ. ಇನ್ನೊಂದು ಕುತೂಹಲ: ಹೆಣ್ಣು ಸಲಮಾಂಡರ್‌ನ ಅಂಡನಾಳದಲ್ಲೂ ಪಾಚಿಯ ಡಿಎನ್‌ಎ ಸಿಕ್ಕಿದೆ. ತಾಯಿಯೇ ಮರಿಗಳಿಗೆ ಪಾಚಿಯನ್ನು ದಾಟಿಸುತ್ತಾಳೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.