ಮುಂಚಕ್ರಕ್ಕೆ ರಜೆ

ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಹೆಸರು ಮಾಡಿದ್ದೇ ನಾಲ್ಕೂ ಚಕ್ರಗಳ ಬಲದಿಂದ. ಡ್ರಿಫ್ಟ್ ಹುಚ್ಚಿನವರಿಗೆ ಮುಂಚಕ್ರದ ಆ ಎಳೆತವೇ ಅಡ್ಡಿ. ಮುಂದಿನ ಡ್ರೈವ್‌ಶಾಫ್ಟ್ ಎರಡನ್ನೂ ಕಳಚಿದರೆ ಮುಗೀತು ಎನ್ನುವವರನ್ನು ಕಂಡರೆ ನನಗೆ ನಗು. ಮ್ಯಾನುಯಲ್ ಗೇರ್‌ಬಾಕ್ಸಿನೊಳಗಿನ ಸೆಂಟರ್ ಡಿಫರೆನ್ಷಿಯಲ್ ಶಕ್ತಿಯನ್ನು ಸಡಿಲಾದ ಕಡೆಗೇ ಹರಿಯಬಿಡುತ್ತದೆ. ಎಂಜಿನ್ ಅಬ್ಬರಿಸಿದರೂ ಹಿಂಚಕ್ರಕ್ಕೆ ಪೂರ್ತಿ ಜೋರು ಸಿಗದು. ಆ ಸೆಂಟರ್ ಡಿಫರೆನ್ಷಿಯಲನ್ನು ವೆಲ್ಡ್ ಮಾಡಬೇಕು, ಇಲ್ಲವೇ ಅದರ ಜಾಗದಲ್ಲಿ ಎರಡೂ ಕಡೆಯನ್ನು ಒಂದಾಗಿ ಬಿಗಿಯುವ ಸ್ಪೂಲ್ ಕೂರಿಸಬೇಕು. ಕಳಚಿದ ಶಾಫ್ಟಿನ ಹೊರತುದಿಯನ್ನು ಮಾತ್ರ ಹಬ್‌ನಲ್ಲೇ ಬಿಡಿ. ಬೇರಿಂಗನ್ನು ಬಿಗಿಹಿಡಿಯುವುದು ಅದೇ. ತೆಗೆದರೆ ಚಕ್ರವೇ ಕಿತ್ತು ಬಂದೀತು! ಅರ್ಧ ಹೊರೆ ಹೊರುತ್ತಿದ್ದ ಹಿಂದಿನ ಡಿಫರೆನ್ಷಿಯಲ್ ಇನ್ನು ಪೂರ್ತಿ ಹೊರಬೇಕು. ಇಷ್ಟೆಲ್ಲ ಮಾಡಿದರೂ ಎಂಜಿನ್ ಮುಂದಿನ ಆಕ್ಸಲ್‌ಗಿಂತ ಮುಂದೆಯೇ ಕೂತಿರುತ್ತದೆ, ಮೂತಿಯ ಭಾರ ಇಳಿಯದು. ದಿನಾ ಓಡಿಸುವ ಕಾರಿಗೆ ಈ ಉಸಾಬರಿ ಯಾಕೆ? ಹಿಂಚಕ್ರದ ಸುಬಾರುವೇ ಬೇಕೆಂದರೆ 2012ರಲ್ಲಿ ಬಂದ ಬಿಆರ್‌ಝಡ್ ಇದೆಯಲ್ಲ.