ಬದುಕಿ ಉಳಿದ ಮಗು ಹೇಗೆ ಬಾಳುತ್ತಿದೆ?

ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ 1960ರ ಆಸುಪಾಸಿನಲ್ಲಿ ಬದುಕಿ ಉಳಿಯುತ್ತಿದ್ದವರು ಬೆರಳೆಣಿಕೆಯಷ್ಟು ಮಾತ್ರ. ಇಂದು ಮುಂದುವರಿದ ದೇಶಗಳಲ್ಲಿ ಇದರ ಅತಿ ಸಾಮಾನ್ಯ ಬಗೆಗೆ ಈಡಾದ ನೂರು ಮಕ್ಕಳಲ್ಲಿ ಸುಮಾರು 90 ಮಂದಿ ಗುಣ ಹೊಂದುತ್ತಾರೆ. ಇದು ವಿಜ್ಞಾನದ ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳಿದ ಮಗು ಹೇಗೆ ಬಾಳುತ್ತಿದೆ ಎಂದು ಕೇಳುವವರು ಯಾರು? ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೇಹ, ಮನಸ್ಸು ಹಾಗೂ ಸಾಮಾಜಿಕ ಜೀವನಗಳ ಪೂರ್ಣ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿಯೇ ಸಾರಿದೆ.

ಈ ಕ್ಷೇಮವನ್ನು ಅಳೆಯಲು ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ವಾರ್ನಿ ಹಾಗೂ ಸಂಗಡಿಗರು ರೂಪಿಸಿ 1999ರಲ್ಲಿ ಪ್ರಕಟಿಸಿದ 'ಪೆಡ್ಸ್‌ಕ್ಯೂಎಲ್' ಎಂಬ ಪ್ರಶ್ನಾವಳಿ ಹೆಸರಾಗಿದೆ. ಅದರ ಈಗಿನ ರೂಪದಲ್ಲಿ 23 ಪ್ರಶ್ನೆಗಳಿವೆ: ದೇಹಶಕ್ತಿಯ ಬಗ್ಗೆ 8; ಭಾವನೆ, ಒಡನಾಟ ಮತ್ತು ಶಾಲೆಯ ಬಗ್ಗೆ ತಲಾ 5. ಓಡುವುದು ಕಷ್ಟವೇ, ಭಯವಾಗುತ್ತದೆಯೇ, ಇತರ ಮಕ್ಕಳು ಗೇಲಿ ಮಾಡುತ್ತಾರೆಯೇ, ಪಾಠ ಮರೆತುಹೋಗುತ್ತದೆಯೇ ಎಂಬಂಥ ಸರಳ ಪ್ರಶ್ನೆಗಳವು. ಉತ್ತರಗಳನ್ನು 0ಯಿಂದ 100ರವರೆಗಿನ ಅಂಕಗಳಾಗಿ ಪರಿವರ್ತಿಸುತ್ತಾರೆ. ಅಂಕ ಹೆಚ್ಚಿದಷ್ಟೂ ಬದುಕು ಹಸನು. ಐದು ವರ್ಷ ತುಂಬಿದ ಮಗುವೂ ನಗುವ ಮತ್ತು ಅಳುವ ಮುಖಗಳ ಚಿತ್ರಗಳನ್ನು ತೋರಿಸಿ ಉತ್ತರ ಹೇಳಬಲ್ಲದು. ತಂದೆತಾಯಿಗಳಿಗೆ ಪ್ರತ್ಯೇಕ ಪ್ರಶ್ನಾವಳಿಯಿದೆ.

ನಾವು ವಿಶೇಷವಾಗಿ ಗಮನಿಸಬೇಕಾದುದು ಇಲ್ಲಿಯೇ. ಈ ಎರಡು ಉತ್ತರಗಳು ಅನೇಕ ವೇಳೆ ಹೊಂದುವುದಿಲ್ಲ. ನಡಿಗೆ, ಓಟಗಳಂಥ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಹೊಂದಿಕೆ ಹೆಚ್ಚು. ಭಯ, ದುಃಖ, ಒಂಟಿತನಗಳಲ್ಲಿ ಕಡಿಮೆ. ಎಷ್ಟೋ ಸಲ ಮಗು ಹೇಳುವುದಕ್ಕಿಂತ ಅದರ ಬದುಕು ಹೀನವೆಂದು ಹೆತ್ತವರೇ ಭಾವಿಸುತ್ತಾರೆ. ಹಾಗೆ ಭಾವಿಸಿದಾಗ ಆಟಕ್ಕೆ ಕಳುಹಿಸಲೂ ಅಂಜಿಕೆ. ಆ ಅಂಜಿಕೆಯೇ ಮಗುವಿಗೆ ಎರಡನೆಯ ಕಾಯಿಲೆಯಾದೀತು.

ವಿಷಯದ ಸ್ವಭಾವಕ್ಕೆ ತಕ್ಕಷ್ಟೇ ನಿಖರತೆಯನ್ನು ಬಯಸಬೇಕೆಂದು ಅರಿಸ್ಟಾಟಲನು ಬೋಧಿಸಿದನು. ಅಂಕವೆಂಬುದು ಬಾಳಿನ ಬೆಲೆಯಲ್ಲ. ಎಲ್ಲಿ ನೋಯುತ್ತಿದೆಯೆಂದು ತೋರುವ ಕೈಕಂಬ ಮಾತ್ರ. ತಲೆಗೆ ವಿಕಿರಣ ಚಿಕಿತ್ಸೆ ಪಡೆದ ಮಗುವಿಗೆ ನೆನಪು, ಏಕಾಗ್ರತೆಗಳು ಮುಂದೆ ಕುಂದಬಹುದು. ಶಾಲೆಯ ಅಂಕ ಇಳಿದರೆ ಅದನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ. ಕೆಲವು ಔಷಧಿಗಳು ಹೃದಯವನ್ನು ವರ್ಷಗಳ ಬಳಿಕ ಬಾಧಿಸುವುದರಿಂದ ಚಿಕಿತ್ಸೆಯ ದಾಖಲೆಗಳನ್ನು ಜೋಪಾನವಾಗಿರಿಸಿ ತಪಾಸಣೆಯನ್ನು ಮುಂದುವರಿಸುವುದು ಅಗತ್ಯ.

ನಮ್ಮ ಕುಟುಂಬಗಳಲ್ಲಿ ಇಂಥ ಮಗುವಿದ್ದರೆ, ಅದರ ಪರವಾಗಿ ನಾವೇ ಉತ್ತರಿಸುವ ಮೊದಲು ಅದನ್ನೇ ಕೇಳೋಣ. ಕೇಳಿದ ಮೇಲೆ, ಹೇಳುವಷ್ಟು ಹೊತ್ತು ಕಾಯೋಣ.