ಹೊಸ ರಿಯಲ್ ಎಸ್ಟೇಟ್ ಏಜೆಂಟರ ಗಮನಕ್ಕೆ: ನೋಂದಣಿ ಹಾಗೂ ಕಮಿಷನ್ ಹಂಚಿಕೆ

ವರವು ಕಾವಲ್ ಸುತ್ತಮುತ್ತಲಿನ ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ನಿವೇಶನ ಮಾರಾಟದ ಏಜೆಂಟರಾಗಲು ಇಚ್ಛಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ 9ನೇ ಪ್ರಕರಣದ ಮೇರೆಗೆ, ನೋಂದಾಯಿತ ಯೋಜನೆಯ ನಿವೇಶನಗಳ ಮಾರಾಟಕ್ಕೆ ಮಧ್ಯಸ್ಥಿಕೆ ವಹಿಸಲು ಏಜೆಂಟರ ನೋಂದಣಿ ಕಡ್ಡಾಯವಾಗಿರುತ್ತದೆ. ತಪ್ಪಿದಲ್ಲಿ ದಿನವೊಂದಕ್ಕೆ ರೂ. 10,000ದಂತೆ, ನಿವೇಶನದ ಬೆಲೆಯ ಶೇ. 5ರವರೆಗೆ ದಂಡ ವಿಧಿಸಬಹುದಾಗಿದೆ.

ಕಮಿಷನ್ ದರವನ್ನಾಗಲಿ, ಸಂಸ್ಥೆ ಹಾಗೂ ಏಜೆಂಟರ ನಡುವಣ ಹಂಚಿಕೆಯನ್ನಾಗಲಿ ಅಧಿನಿಯಮವು ನಿಗದಿಪಡಿಸಿರುವುದಿಲ್ಲ. ಆದುದರಿಂದ ಸಂಸ್ಥೆಯನ್ನು ಸೇರುವ ಮುನ್ನ ಅದರ ನೋಂದಣಿ ಸಂಖ್ಯೆಯನ್ನು ಪರಿಶೀಲಿಸಿ, ಪಾಲು, ಪಾವತಿಯ ಅವಧಿ ಹಾಗೂ ವೆಚ್ಚ ಭರಿಸುವವರು ಯಾರೆಂಬುದನ್ನು ಲಿಖಿತವಾಗಿ ಪಡೆಯುವುದು.

ಉದಾಹರಣೆಗೆ, ಕಮಿಷನ್ ರೂ. 20,000 ಇದ್ದಲ್ಲಿ ಶೇ. 60ರ ಪಾಲು ರೂ. 12,000. ಇದರಲ್ಲಿ ಜಾಹೀರಾತು, ಓಡಾಟದ ವೆಚ್ಚ ರೂ. 5,000 ಕಳೆದರೆ ಉಳಿಯುವುದು ರೂ. 7,000 ಮಾತ್ರ. ವೆಚ್ಚವನ್ನು ಸಂಸ್ಥೆಯೇ ಭರಿಸಿದಲ್ಲಿ ಶೇ. 50ರ ಪಾಲಿನಲ್ಲೂ ರೂ. 10,000 ದೊರೆಯುತ್ತದೆ.